ಕೂದಲ ಹಗ್ಗದ ಜಾಡು ಹಿಡಿದು: ಇಂದಿನ ಕಲೆಯ ಬಗ್ಗೆ ಬರೆಯಲು ಒಂದು ಸಮಗ್ರ ಮಾರ್ಗದರ್ಶಿ

ಕಲಾ ಪ್ರದರ್ಶನ ನೋಡಿ ಬಂದು ಬರೆಯಲು ಕೂತರೆ ಎರಡು ಸುಲಭದ ದಾರಿಗಳು ತಾವಾಗಿಯೇ ಎದುರಿಗೆ ಬರುತ್ತವೆ. ಒಂದು, ‘ಕುಂಚದಲ್ಲಿ ಅರಳಿದ ಭಾವ’, ‘ಕಣ್ಮನ ಸೆಳೆಯುವ ವರ್ಣವೈಭವ’ ಎಂಬ ದಾರಿ. ಇನ್ನೊಂದು, ಕಲಾವಿದರು ಹುಟ್ಟಿದ್ದೆಲ್ಲಿ, ಓದಿದ್ದೆಲ್ಲಿ, ಎಷ್ಟು ಪ್ರಶಸ್ತಿ ಬಂದಿವೆ ಎಂಬ ದಾರಿ. ಎರಡರಲ್ಲೂ ಒಂದು ಕೊರತೆ ಇದೆ. ಬರಹ ಓದಿ ಮುಗಿಸಿದವರಿಗೆ ಅಲ್ಲಿ ಇದ್ದದ್ದು ಏನು ಎಂಬುದೇ ಗೊತ್ತಾಗುವುದಿಲ್ಲ.

ಇಂದಿನ ಕಲೆಯಲ್ಲಿ ಈ ಕಷ್ಟ ಜಾಸ್ತಿ. ಚೌಕಟ್ಟು ಹಾಕಿದ ಚಿತ್ರವಾದರೆ ಏನೋ ಒಂದು ಹೇಳಬಹುದು. ಸಗಣಿ, ಟಾರಿನ ಡ್ರಮ್ಮು, ಕಾರಿನ ಬಂಪರ್ ತಂದು ಗ್ಯಾಲರಿಯಲ್ಲಿ ಇಟ್ಟಿದ್ದರೆ? ‘ಇದು ನಮಗಲ್ಲ’ ಎಂದು ಹೊರಗೆ ಬಂದುಬಿಡುತ್ತೇವೆ. ಆದರೆ ಈ ವಸ್ತುಗಳ ಬಗ್ಗೆ ನಮಗೆ ಗೊತ್ತಿರುವಷ್ಟು ಲಂಡನ್ನಿನ ವಿಮರ್ಶಕರಿಗೆ ಗೊತ್ತಿರಲು ಸಾಧ್ಯವಿಲ್ಲ. ಅದನ್ನು ಬರಹಕ್ಕೆ ತರುವುದು ಹೇಗೆ ಎಂದು ಹೇಳುವುದಕ್ಕೇ ಈ ಲೇಖನ.

ಸುಮ್ನೆ ನಿಯಮ ಹೇಳುತ್ತಾ ಹೋದರೆ ಪ್ರಯೋಜನವಿಲ್ಲ. ಹಾಗಾಗಿ ಒಂದೇ ಕೃತಿಯನ್ನು ಕೊನೆಯವರೆಗೂ ಹಿಡಿದುಕೊಂಡು ಹೋಗೋಣ. ಬೆಂಗಳೂರಿನ ಕಲಾವಿದೆ ಶೀಲಾ ಗೌಡ ಅವರು 2009ರಲ್ಲಿ ಮಾಡಿದ ‘ಬಿಹೋಲ್ಡ್’. ಆ ವರ್ಷ ಇಟಲಿಯ ವೆನಿಸ್ ಬಿಯೆನಾಲೆಯಲ್ಲಿ (ಎರಡು ವರ್ಷಕ್ಕೊಮ್ಮೆ ನಡೆಯುವ ಅಂತರರಾಷ್ಟ್ರೀಯ ಕಲಾ ಪ್ರದರ್ಶನ) ಪ್ರದರ್ಶನಗೊಂಡ ಈ ಕೃತಿ ಈಗ ಲಂಡನ್ನಿನ ಟೇಟ್ ಕಲಾ ಸಂಗ್ರಹಾಲಯದಲ್ಲಿದೆ. ನಾನು ಇದನ್ನು ಫೋಟೊಗಳಲ್ಲಿ ಮಾತ್ರ ನೋಡಿದ್ದೇನೆ. ಇದನ್ನು ಮೊದಲೇ ಹೇಳಲು ಕಾರಣವಿದೆ, ಮುಂದೆ ಅದಕ್ಕೆ ಬರುತ್ತೇನೆ.

ಹಂತ 1: ಗೋಡೆ ಬರಹ ಓದುವ ಮೊದಲು ಕೃತಿ ನೋಡಿ

ಗ್ಯಾಲರಿಗೆ ಹೋದ ತಕ್ಷಣ ಕಣ್ಣು ಹೋಗುವುದು ಕೃತಿಯ ಪಕ್ಕದ ಪುಟ್ಟ ಫಲಕದ ಮೇಲೆ. ಅದನ್ನು ಓದಿಬಿಟ್ಟರೆ ಪ್ರದರ್ಶನವನ್ನು ರೂಪಿಸಿದ ಕ್ಯುರೇಟರ್ ಹೇಳಿದ್ದೇ ಕಾಣಲು ಶುರುವಾಗುತ್ತದೆ. ಮೊದಲ 20 ನಿಮಿಷ ಅದರ ಕಡೆ ತಿರುಗಬೇಡಿ. ಒಂದು ನೋಟ್‌ಬುಕ್, ಒಂದು ಪೆನ್ಸಿಲ್ ಸಾಕು. ಪೆನ್ನು ಎಷ್ಟೋ ಕಡೆ ಒಳಗೆ ಬಿಡುವುದಿಲ್ಲ.

ಏನು ಬರೆದುಕೊಳ್ಳಬೇಕು? ವಸ್ತುಗಳ ಹೆಸರು. ಎಷ್ಟಿವೆ. ಎಷ್ಟು ಎತ್ತರ, ನಿಮ್ಮ ಎದೆಯವರೆಗೋ, ತಲೆಯ ಮೇಲೋ. ಯಾವುದು ಯಾವುದನ್ನು ಹಿಡಿದುಕೊಂಡಿದೆ. ಬೆಳಕು ಎಲ್ಲಿಂದ ಬೀಳುತ್ತಿದೆ. ವಾಸನೆ ಇದೆಯಾ. ಮತ್ತು ಮುಖ್ಯವಾಗಿ, ನಿಮ್ಮ ಮೈ ಏನು ಮಾಡಬೇಕಾಯಿತು. ಶೀಲಾ ಗೌಡ ಅವರದ್ದೇ ‘ಡಾರ್ಕ್‌ರೂಮ್’ (2006) ಎಂಬ ಕೃತಿಯನ್ನು ಟಾರಿನ ಡ್ರಮ್ಮು, ತಗಡುಗಳಿಂದ ಕಟ್ಟಲಾಗಿದೆ. ಅದರೊಳಗೆ ಹೋಗಬೇಕಾದರೆ ನೋಡುಗರು ಬಗ್ಗಿ ತೆವಳಬೇಕು. ಒಳಗೆ ಕತ್ತಲು. ಮೇಲೆ ನೋಡಿದರೆ ತಗಡಿನಲ್ಲಿ ಮಾಡಿದ ಸಣ್ಣ ತೂತುಗಳಿಂದ ನಕ್ಷತ್ರದಂತೆ ಬೆಳಕು. ಇಲ್ಲಿ ಮಂಡಿಯೂರಿದ್ದೂ ಕೃತಿಯ ಒಂದು ಭಾಗವೇ. ಅದನ್ನು ಬಿಟ್ಟರೆ ವಿಮರ್ಶೆ ಅರ್ಧವಾಗುತ್ತದೆ.

ಫೋಟೊ ನೋಡಿ ಬರೆಯುವಾಗ ಇದೆಲ್ಲ ತಪ್ಪಿಹೋಗುತ್ತದೆ. ಫೋಟೊದಿಂದ ವಸ್ತು, ಜೋಡಣೆ, ಸಂಬಂಧ ತಿಳಿಯುತ್ತದೆ. ತೂಕ, ವಾಸನೆ, ಎದುರಿಗೆ ನಿಂತಾಗಿನ ಅಳುಕು ತಿಳಿಯುವುದಿಲ್ಲ. ಹಾಗೆ ಬರೆಯುವುದು ತಪ್ಪಲ್ಲ, ಮುಚ್ಚಿಡುವುದು ತಪ್ಪು. ‘ಫೋಟೊದಲ್ಲಿ ನೋಡಿದ್ದು’ ಎಂಬ ಒಂದು ವಾಕ್ಯ ಸಾಕು, ಓದುಗರು ನಿಮ್ಮನ್ನು ನಂಬುತ್ತಾರೆ.

ಹಂತ 2: ಅಲ್ಲಿ ಇದ್ದದ್ದನ್ನು ಐದಾರು ವಾಕ್ಯಗಳಲ್ಲಿ ಬರೆಯಿರಿ

ಅಭಿಪ್ರಾಯ ಬೇಡ, ಗುಣವಾಚಕ ಬೇಡ. ಕೃತಿಯನ್ನು ನೋಡದ ಸ್ನೇಹಿತರಿಗೆ ಫೋನಿನಲ್ಲಿ ಹೇಳುವ ಹಾಗೆ ಬರೆಯಿರಿ. ‘ಬಿಹೋಲ್ಡ್’ ಬಗ್ಗೆ ನಾನು ಬರೆಯುವುದಾದರೆ ಹೀಗೆ:

‘ಒಂದು ದೊಡ್ಡ ಕೋಣೆ. ಅದರಲ್ಲಿ ಉಕ್ಕಿನ 20 ಕಾರ್ ಬಂಪರ್‌ಗಳು. ಜೊತೆಗೆ ಸುಮಾರು 4,000 ಮೀಟರ್ ಉದ್ದದ ಕಪ್ಪು ಹಗ್ಗ. ಹಗ್ಗವನ್ನು ಹೊಸೆದಿರುವುದು ಮನುಷ್ಯರ ಕೂದಲಿನಿಂದ. ಬಂಪರ್‌ಗಳು ಆ ಹಗ್ಗದಲ್ಲಿ ತೂಗುತ್ತಿವೆ. ಉಳಿದ ಹಗ್ಗ ಗೋಡೆಯ ಮೇಲೆ ಇಳಿಬಿದ್ದಿದೆ, ಸುತ್ತಿಕೊಂಡಿದೆ, ನೆಲದಲ್ಲಿ ಗುಡ್ಡೆಯಾಗಿದೆ.’

ಇಷ್ಟೇ. ಇದನ್ನು ಬರೆಯುವುದು ನೋಡಿದಷ್ಟು ಸುಲಭವಲ್ಲ. ‘ತೂಗುತ್ತಿವೆ’ ಎಂದು ಬರೆಯುವಾಗಲೇ ಭಾರ ಹೊತ್ತಿರುವುದು ಕೂದಲು ಎಂಬುದು ನನಗೆ ಹೊಳೆದದ್ದು. ಸರಿಯಾಗಿ ವಿವರಿಸಲು ಒದ್ದಾಡಿದಾಗಲೇ ವಿಮರ್ಶೆಯ ಮೊದಲ ಎಳೆ ಕೈಗೆ ಸಿಗುತ್ತದೆ. ಈ ಹಂತವನ್ನು ದಯವಿಟ್ಟು ಹಾರಿಸಬೇಡಿ.

ಹಂತ 3: ವಸ್ತುವಿನ ಹಿಂದೆ ಹೋಗಿ

ನನಗೆ ಬಹಳ ಇಷ್ಟವಾದ ಹಂತ ಇದು. ನಮ್ಮ ಓದುಗರಿಗೆ ಜಾಸ್ತಿ ಕೊಡಲು ಸಾಧ್ಯವಾಗುವುದೂ ಇಲ್ಲೇ. ಕೃತಿಯಲ್ಲಿರುವ ಪ್ರತಿಯೊಂದು ವಸ್ತುವಿಗೂ ಮೂರು ಪ್ರಶ್ನೆ ಕೇಳಿ. ಗ್ಯಾಲರಿಗೆ ಬರುವ ಮೊದಲು ಇದು ಎಲ್ಲಿತ್ತು? ಯಾರ ಕೈ ದಾಟಿ ಬಂತು? ನಮ್ಮ ಜನ ಇದರ ಜೊತೆ ಹೇಗೆ ನಡೆದುಕೊಳ್ಳುತ್ತಾರೆ?

ಕೂದಲ ಹಗ್ಗ ನಮಗೆ ಹೊಸದಲ್ಲ. ಲಾರಿ, ಟೆಂಪೊ, ಹೊಸ ಕಾರಿಗೆ ದೃಷ್ಟಿ ತಾಗದಿರಲಿ ಎಂದು ಕಪ್ಪು ಕೂದಲ ಹಗ್ಗ ಕಟ್ಟುವುದನ್ನು ನಾವೆಲ್ಲ ನೋಡಿದ್ದೇವೆ. ಮೆಣಸಿನಕಾಯಿ, ನಿಂಬೆಹಣ್ಣಿನ ಹಾಗೆಯೇ ಇದೂ ಒಂದು ಕಾವಲು. ಆ ಕೂದಲು ಎಲ್ಲಿಂದ ಬರುತ್ತದೆ? ಹರಕೆ ಹೊತ್ತವರು ದೇವಸ್ಥಾನದಲ್ಲಿ ಮುಡಿ ಕೊಡುತ್ತಾರೆ. ತಿರುಮಲದಂಥ ಕಡೆ ಆ ಕೂದಲನ್ನು ಉದ್ದದ ಲೆಕ್ಕದಲ್ಲಿ ವಿಂಗಡಿಸಿ ಹರಾಜು ಹಾಕುತ್ತಾರೆ. ಉದ್ದ ಕೂದಲಿಗೆ ಒಳ್ಳೆಯ ಬೆಲೆ, ಅದು ವಿಗ್ ಮಾಡಲು ಹೊರದೇಶಕ್ಕೆ ಹೋಗುತ್ತದೆ. ಬೆಲೆ ಬಾರದ ತುಂಡು ಕೂದಲು ಇಂಥ ಹಗ್ಗವಾಗುತ್ತದೆ.

ಇನ್ನೊಂದು ಮಾತು ನೋಡಿ. ತಲೆಯ ಮೇಲಿದ್ದಾಗ ಅದು ಮುಡಿ, ಅದಕ್ಕೆ ಹೂವು. ದೇವರ ಮುಂದೆ ಅದು ಹರಕೆ. ಅನ್ನದಲ್ಲಿ ಒಂದೇ ಒಂದು ಎಳೆ ಸಿಕ್ಕರೆ ತಟ್ಟೆಯನ್ನೇ ಪಕ್ಕಕ್ಕೆ ಸರಿಸುತ್ತೇವೆ. ಲಾರಿಯ ಮುಂದೆ ಕಟ್ಟಿದರೆ ಮತ್ತೆ ಕಾಯುವ ಶಕ್ತಿ. ಒಂದೇ ವಸ್ತು ಪವಿತ್ರ, ಮೈಲಿಗೆ, ಸರಕು, ರಕ್ಷೆ ಎಲ್ಲವೂ ಆಗುತ್ತದೆ. ಇದನ್ನು ಹೇಳಲು ಯಾವ ದೊಡ್ಡ ಸಿದ್ಧಾಂತವೂ ಬೇಕಾಗಿಲ್ಲ. ನಮ್ಮ ಅಡುಗೆಮನೆ, ದೇವಸ್ಥಾನ, ರಸ್ತೆ ಮೂರನ್ನು ಒಟ್ಟಿಗೆ ನೆನಪಿಸಿಕೊಂಡರೆ ಸಾಕು.

ಬಂಪರ್‌ನ ಹಿಂದೆಯೂ ಹೀಗೇ ಹೋಗಿ. ಬೆಂಗಳೂರಿನಲ್ಲಿದ್ದರೆ ಜೆ.ಸಿ. ರಸ್ತೆಗೆ ಹೋಗಿ ಬನ್ನಿ. ರವೀಂದ್ರ ಕಲಾಕ್ಷೇತ್ರ, ಕನ್ನಡ ಭವನ ಇರುವ ಆ ರಸ್ತೆಯಲ್ಲೇ ವಾಹನದ ಬಿಡಿಭಾಗ ಮಾರುವ ಅಂಗಡಿಗಳ ಸಾಲೂ ಇದೆ. ಕೂದಲ ಹಗ್ಗ ಯಾರು ಕೊಳ್ಳುತ್ತಾರೆ, ಎಷ್ಟಕ್ಕೆ, ಹೊಸೆಯುವವರು ಯಾರು ಎಂದು ಒಂದು ಗಂಟೆ ಮಾತಾಡಿಸಿದರೆ ಯಾವ ಕ್ಯಾಟಲಾಗಿನಲ್ಲೂ ಇಲ್ಲದ ವಿಷಯ ಸಿಗುತ್ತದೆ. ಕಲೆಯ ಬಗ್ಗೆ ಬರೆಯುವವರು ಅಂಗಡಿಗೂ ಹೋಗಬೇಕು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಹೀಗೆ ಹೊರಗೆ ಹೋದವರು ತಪ್ಪದೆ ಕೃತಿಗೆ ವಾಪಸ್ ಬರಬೇಕು. ವಾಪಸ್ ಬಂದಾಗ ಏನು ಕಾಣುತ್ತದೆ? ರಸ್ತೆಯಲ್ಲಿ ಕೂದಲು ಬಂಪರಿಗೆ ಜೋತುಬಿದ್ದಿರುತ್ತದೆ. ಇಲ್ಲಿ ಬಂಪರ್ ಕೂದಲಿಗೆ ಜೋತುಬಿದ್ದಿದೆ. ನಂಬಿಕೆಯಲ್ಲಿ ಕೂದಲು ವಾಹನವನ್ನು ಕಾಯುತ್ತದೆ ಎಂದು ನಾವು ಹೇಳುವ ಮಾತನ್ನು ಕಲಾವಿದೆ ನಿಜವಾಗಿಯೂ ಕೂದಲಿನ ಕೈಲಿ ಮಾಡಿಸಿದ್ದಾರೆ. ‘ಬಿಹೋಲ್ಡ್’ ಎಂದರೆ ‘ಇಗೋ, ನೋಡು’ ಎಂದು. ಕನ್ನಡದಲ್ಲಿ ದೃಷ್ಟಿ ಅಂದರೆ ನೋಟವೂ ಹೌದು, ತಾಗುವ ಕೆಟ್ಟ ಕಣ್ಣೂ ಹೌದು. ನೋಟವನ್ನು ತಡೆಯಲು ಕಟ್ಟುವ ವಸ್ತುವನ್ನೇ ತಂದು ‘ನೋಡು’ ಎನ್ನುತ್ತದೆ ಈ ಕೃತಿ. ಕನ್ನಡದಲ್ಲಿ ಯೋಚಿಸುವವರಿಗೆ ಇದು ತಟ್ಟನೆ ಹೊಳೆಯುತ್ತದೆ, ಅಲ್ವಾ?

ಹಂತ 4: ಅದೇ ಕಲಾವಿದರ ಬೇರೆ ಕೆಲಸಗಳನ್ನು ಪಕ್ಕದಲ್ಲಿಡಿ

ಒಂದು ಕೃತಿಯನ್ನು ನೋಡಿ ‘ಇವರು ಹೀಗೆ’ ಎಂದು ತೀರ್ಮಾನಿಸಬಾರದು. ಕನಿಷ್ಠ ಮೂರು ಬೇರೆ ಕೃತಿ ಹುಡುಕಿ, ವರ್ಷದ ಕ್ರಮದಲ್ಲಿ ಬರೆದಿಟ್ಟುಕೊಳ್ಳಿ.

ಶೀಲಾ ಗೌಡ ಹುಟ್ಟಿದ್ದು 1957ರಲ್ಲಿ ಭದ್ರಾವತಿಯಲ್ಲಿ. ಬೆಂಗಳೂರಿನ ಕೆನ್ ಕಲಾ ಶಾಲೆ, ಶಾಂತಿನಿಕೇತನ, ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಕಲಿತರು. ಮೊದಲು ಚಿತ್ರ ಬರೆಯುತ್ತಿದ್ದರು. 1990ರ ದಶಕದ ಆರಂಭದಲ್ಲಿ ಸಗಣಿಯನ್ನು ಮಾಧ್ಯಮವಾಗಿ ತೆಗೆದುಕೊಂಡರು. ಆಮೇಲೆ ‘ಆ್ಯಂಡ್ ಟೆಲ್ ಹಿಮ್ ಆಫ್ ಮೈ ಪೇನ್’ ಎಂಬ ಕೃತಿ. ಅದರಲ್ಲಿ ಉದ್ದುದ್ದ ನೂಲನ್ನು ಸೂಜಿಗಳಿಗೆ ಪೋಣಿಸಿ, ಕುಂಕುಮ ಮತ್ತು ಅಂಟು ಹಚ್ಚಿ ಕೆಂಪು ಹಗ್ಗ ಮಾಡಿದ್ದಾರೆ. ಹಗ್ಗದ ತುದಿಯಲ್ಲಿ ಸೂಜಿಗಳ ಗೊಂಚಲು. ಮುಂದೆ ಟಾರಿನ ಡ್ರಮ್ಮು. ಆಮೇಲೆ ಕೂದಲು.

ಸಾಲಾಗಿ ಇಟ್ಟಾಗ ಏನು ಗಮನಕ್ಕೆ ಬರುತ್ತದೆ? ಸಗಣಿ, ಕುಂಕುಮ, ಕೂದಲು ಎಲ್ಲವೂ ಮನೆಗೂ ಪೂಜೆಗೂ ಸೇರಿದವು. ಬೆರಣಿ ತಟ್ಟುವುದು, ಪೋಣಿಸುವುದು, ಹೊಸೆಯುವುದು, ಇವು ಮತ್ತೆ ಮತ್ತೆ ಮಾಡುವ, ಹೆಸರಿಲ್ಲದ ಕೈಗಳ ಕೆಲಸ. ಟಾರಿನ ಡ್ರಮ್ಮು ಪೂಜೆಗೆ ಸೇರಿದ್ದಲ್ಲ. ಆದರೆ ರಸ್ತೆ ಕೆಲಸದವರು ಡ್ರಮ್ಮಿನ ತಗಡನ್ನು ತಟ್ಟಿ ಗುಡಿಸಲು ಕಟ್ಟಿಕೊಳ್ಳುತ್ತಾರೆ. ಅಲ್ಲಿಯೂ ದುಡಿಯುವ ಕೈ ಇದೆ. ನಿಮ್ಮ ಮಾದರಿಗೆ ಹೊಂದದ ಕೃತಿಯನ್ನು ಬಿಟ್ಟುಬಿಡಬೇಡಿ. ಹೊಂದದೆ ಇರುವುದೇ ಎಷ್ಟೋ ಸಲ ನಿಮ್ಮ ಓದನ್ನು ಸರಿಮಾಡುತ್ತದೆ.

ಜೀವನಚರಿತ್ರೆಗೆ ಇಷ್ಟು ಜಾಗ ಸಾಕು. ಕೃತಿ ನೋಡಲು ನೆರವಾಗದ ಪ್ರಶಸ್ತಿ ಪಟ್ಟಿಯನ್ನು ಬಿಡಿ.

ಹಂತ 5: ಕಾಲ ಮತ್ತು ಊರು, ‘ಇದರಿಂದಲೇ ಅದು’ ಎನ್ನದೆ

1992ರ ಡಿಸೆಂಬರ್ 6ರಂದು ಬಾಬರಿ ಮಸೀದಿ ಉರುಳಿತು. ಆ ಡಿಸೆಂಬರ್ ಮತ್ತು ಮರುವರ್ಷದ ಜನವರಿಯಲ್ಲಿ ಬಾಂಬೆಯಲ್ಲಿ ಗಲಭೆಗಳಾದವು. ಶೀಲಾ ಗೌಡ ಸಗಣಿಯ ಕಡೆಗೆ ತಿರುಗಿದ್ದು ಈ ಹೊತ್ತಿನಲ್ಲೇ. ಅವರ ಬಗ್ಗೆ ಬರೆಯುವವರು ಈ ಎರಡನ್ನೂ ಜೋಡಿಸುತ್ತಾರೆ, ಜೋಡಿಸುವುದು ಸರಿಯೂ ಹೌದು. ಪವಿತ್ರ ಎಂದು ಕರೆದ ವಸ್ತು, ಬಡವರ ಮನೆಯ ಉರುವಲು, ಹೆಂಗಸರ ಕೈಕೆಲಸ, ಧರ್ಮದ ಹೆಸರಿನ ಹಿಂಸೆ, ಇವೆಲ್ಲ ಒಂದೇ ವಸ್ತುವಿನಲ್ಲಿ ಸೇರುತ್ತವೆ.

ಆದರೆ ‘ಗಲಭೆಯಾಯಿತು, ಆದ್ದರಿಂದ ಸಗಣಿ’ ಎಂದು ಬರೆದರೆ ಕೃತಿ ಸುದ್ದಿಯ ಚಿತ್ರವಾಗಿಬಿಡುತ್ತದೆ. ಕಾಲದ ಒತ್ತಡ ಕೃತಿಯಲ್ಲಿ ಎಲ್ಲಿ ಕಾಣುತ್ತಿದೆ ಎಂದು ಬೆರಳಿಟ್ಟು ತೋರಿಸಲು ಆದರೆ ಬರೆಯಿರಿ. ಆಗದಿದ್ದರೆ, ‘ಇದೇ ಹೊತ್ತಿನಲ್ಲಿ’ ಎಂದಷ್ಟೇ ಹೇಳಿ ಮುಂದೆ ಹೋಗಿ.

ಹಂತ 6: ಕೃತಿಯ ನಂಟರನ್ನು ಹುಡುಕಿ

ಯಾವ ಕೃತಿಯೂ ಒಂಟಿಯಾಗಿ ಹುಟ್ಟುವುದಿಲ್ಲ. ನೇತಾಡುವ ಹಗ್ಗ ಕಂಡ ತಕ್ಷಣ ಪಶ್ಚಿಮದ ವಿಮರ್ಶಕರಿಗೆ ಇವಾ ಹೆಸ್ಸೆ ನೆನಪಾಗುತ್ತಾರೆ. 1960ರ ದಶಕದ ಕೊನೆಯಲ್ಲಿ ಹಗ್ಗ, ಲ್ಯಾಟೆಕ್ಸ್, ಫೈಬರ್‌ಗ್ಲಾಸ್‌ನಲ್ಲಿ ಕೆಲಸ ಮಾಡಿ 1970ರಲ್ಲಿ ತೀರಿಕೊಂಡ ಅಮೆರಿಕದ ಕಲಾವಿದೆ ಅವರು. ದಿನಬಳಕೆಯ ಬಡ ವಸ್ತುಗಳನ್ನು ಬಳಸಿದ ಇಟಲಿಯ ‘ಆರ್ತೆ ಪೋವೆರಾ’ ಚಳವಳಿಯೂ ನೆನಪಾಗಬಹುದು. ಈ ಹೋಲಿಕೆಗಳಲ್ಲಿ ನಿಜವಿದೆ. ಲಂಡನ್ನಿನಲ್ಲಿ ಓದಿದ ಕಲಾವಿದೆಗೆ ಇವು ಗೊತ್ತಿರದೆ ಇರುವುದಿಲ್ಲ. ಆದರೆ ಶಾಂತಿನಿಕೇತನದ ನಂಟೂ ಅಷ್ಟೇ ಗಟ್ಟಿ. ಅಲ್ಲಿ ಪಾಠ ಹೇಳಿದ ಕಲಾವಿದ ಕೆ.ಜಿ. ಸುಬ್ರಮಣ್ಯನ್ ಅವರಿಗೆ ಆಟಿಕೆ, ಟೆರಾಕೋಟಾ, ನೇಯ್ಗೆ ಎಲ್ಲವೂ ಕಲೆಯೇ. ಒಂದೇ ಕಡೆಯ ನಂಟನ್ನು ಹೇಳಿದರೆ ಇನ್ನೊಂದು ಕಡೆಗೆ ಅನ್ಯಾಯ.

ಕೆಲವು ಕೃತಿಗಳಲ್ಲಿ ಈ ನಂಟೇ ಕೃತಿಯ ವಿಷಯ. ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಅವರು ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ 2000ದಿಂದ 2004ರವರೆಗೆ ಮಾಡಿದ ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ’ ಸರಣಿ ನೋಡಿ. ಅದರಲ್ಲಿ ಪುಷ್ಪಮಾಲಾ ತಾವೇ ವೇಷ ಹಾಕಿ ಹಳೆಯ ಚಿತ್ರಗಳನ್ನು ಮತ್ತೆ ಕಟ್ಟುತ್ತಾರೆ. ಒಂದರಲ್ಲಿ ರವಿವರ್ಮನ ಬೆಳದಿಂಗಳ ಹೆಂಗಸು. ಇನ್ನೊಂದರಲ್ಲಿ ನಮ್ಮ ವಿಜಯಪುರದ ಆದಿಲ್‌ಶಾಹಿ ಕಾಲದ ಯೋಗಿನಿಯ ಚಿತ್ರ. ಮತ್ತೊಂದರಲ್ಲಿ, ವಸಾಹತು ಕಾಲದವರು ಬುಡಕಟ್ಟಿನ ಜನರ ಮೈಯನ್ನು ಚೌಕಳಿ ಪರದೆಯ ಮುಂದೆ ನಿಲ್ಲಿಸಿ ಅಳೆದ ರೀತಿ. ಮೂಲ ಚಿತ್ರಗಳನ್ನು ಹುಡುಕಿ ಪಕ್ಕದಲ್ಲಿಡದೆ ಈ ಸರಣಿಯ ಬಗ್ಗೆ ಬರೆಯಲು ಆಗುವುದೇ ಇಲ್ಲ. ಎರಡನ್ನೂ ಜೊತೆಗಿಟ್ಟು ವ್ಯತ್ಯಾಸ ಪಟ್ಟಿ ಮಾಡಿ. ಎಲ್ಲಿ ಬಟ್ಟೆ ಬೇರೆ, ಎಲ್ಲಿ ನೋಟ ಬೇರೆ, ಎಲ್ಲಿ ಹಿಂದಿನ ಪರದೆಯ ಅಂಚು ಬೇಕೆಂದೇ ಕಾಣಿಸಿದೆ.

ಹಂತ 7: ಎಲ್ಲಿ ಇಟ್ಟಿದ್ದಾರೆ, ಯಾರು ನೋಡುತ್ತಾರೆ

ಜಾಗ ಬದಲಾದರೆ ಅರ್ಥವೂ ಬದಲಾಗುತ್ತದೆ. 2015ರ ಜೂನ್‌ನಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆ ಗುಂಡಿಯೊಂದರಲ್ಲಿ ಮೊಸಳೆಯ ಶಿಲ್ಪ ಇಟ್ಟರು. ಸುತ್ತ ಹಸಿರು ನೀರು. ಪಾಲಿಕೆ ಬಂದು ಗುಂಡಿ ಮುಚ್ಚಿತು. 2019ರ ಸೆಪ್ಟೆಂಬರ್‌ನಲ್ಲಿ, ಚಂದ್ರಯಾನ–2 ಇಳಿಯಲು ಇನ್ನೇನು ಕೆಲವೇ ದಿನ ಇದ್ದಾಗ, ಗಗನಯಾತ್ರಿಯೊಬ್ಬ ಚಂದ್ರನ ಮೇಲೆ ನಡೆಯುವಂಥ ವಿಡಿಯೊ ಮಾಡಿದರು. ಪಕ್ಕದಲ್ಲಿ ಆಟೊ ಹಾದುಹೋದಾಗಲೇ ಅದು ನಮ್ಮ ಊರಿನ ರಸ್ತೆ ಎಂದು ಗೊತ್ತಾಗುವುದು.

ಆ ಮೊಸಳೆಯನ್ನು ಅರಮನೆ ರಸ್ತೆಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯ ಒಳಗೆ ಇಟ್ಟಿದ್ದರೆ ಅದು ಬರೀ ಮೊಸಳೆ. ಗುಂಡಿ, ಬಸ್ಸು, ಬೈಕಿನವರು, ನಗುತ್ತಾ ನಿಂತ ಮಕ್ಕಳು, ಕೊನೆಗೆ ಪಾಲಿಕೆಯ ಲಾರಿ, ಇವೆಲ್ಲ ಸೇರಿ ಆ ಕೃತಿ. ‘ಬಿಹೋಲ್ಡ್’ ಇದಕ್ಕೆ ಉಲ್ಟಾ ದಾರಿ ಹಿಡಿದಿದೆ. ರಸ್ತೆಯ ವಸ್ತು ವೆನಿಸ್‌ಗೆ ಹೋಗಿದೆ. ಅಲ್ಲಿಯ ನೋಡುಗರಿಗೆ ದೃಷ್ಟಿ, ಹರಕೆ ಏನೂ ಗೊತ್ತಿಲ್ಲ. ಹಾಗಾದರೆ ಅವರಿಗೆ ಕೃತಿ ಮಾತಾಡುತ್ತದಾ? ಅಥವಾ ‘ಭಾರತದ ವಿಚಿತ್ರ ನಂಬಿಕೆ’ ಎಂದು ಉಳಿದುಬಿಡುತ್ತದಾ? ಈ ಪ್ರಶ್ನೆಯನ್ನು ವಿಮರ್ಶೆಯಲ್ಲಿ ಎತ್ತಲೇಬೇಕು.

ಪ್ರದರ್ಶನಕ್ಕೆ ಹಣ ಕೊಟ್ಟವರು ಯಾರು, ಜಾಗ ಯಾರದ್ದು ಎಂಬುದನ್ನೂ ಕೇಳಿ. ಸರ್ಕಾರಿ ಗ್ಯಾಲರಿಯಾದ ವೆಂಕಟಪ್ಪ ಚಿತ್ರಶಾಲೆಯನ್ನು ಖಾಸಗಿ ಪ್ರತಿಷ್ಠಾನಕ್ಕೆ ವಹಿಸುವ ಯೋಜನೆಯನ್ನು ವಿರೋಧಿಸಿ 2016ರಲ್ಲಿ ಬೆಂಗಳೂರಿನ ಕಲಾವಿದರು ಬೀದಿಗಿಳಿದರು. ಕಡಿಮೆ ಬಾಡಿಗೆಗೆ ಯಾರು ಬೇಕಾದರೂ ಪ್ರದರ್ಶನ ಮಾಡಬಹುದಾದ ಗೋಡೆಗಳು ಒಂದು ಊರಿನಲ್ಲಿ ಇರುವುದು, ಇಲ್ಲದಿರುವುದು, ಅಲ್ಲಿ ಯಾವ ಕಲೆ ಹುಟ್ಟುತ್ತದೆ ಎಂಬುದನ್ನೇ ಬದಲಿಸುತ್ತದೆ.

ಹಂತ 8: ಕಲಾವಿದರನ್ನು ಮಾತಾಡಿಸಿ

‘ಮೇಡಂ, ಇದರ ಅರ್ಥ ಏನು?’ ಎಂದು ಕೇಳಬೇಡಿ. ಅರ್ಥ ಹೇಳುವ ಕೆಲಸ ಅವರು ಆಗಲೇ ಕೃತಿಯಲ್ಲಿ ಮಾಡಿದ್ದಾರೆ. ‘ಇದನ್ನು ಎಲ್ಲಿಂದ ತಂದಿರಿ?’, ‘ಮೊದಲು ಬೇರೆ ಏನಾದರೂ ಪ್ರಯತ್ನಿಸಿದ್ದಿರಾ?’, ‘ಯಾರು ಜೊತೆಗಿದ್ದರು?’, ‘ಯಾವಾಗ ಸಾಕು ಅನ್ನಿಸಿತು?’ ಎಂದು ಕೇಳಿ. ಕೆಲಸದ ಬಗ್ಗೆ ಕೇಳಿದರೆ ಕಲಾವಿದರು ಮನಬಿಚ್ಚಿ ಮಾತಾಡುತ್ತಾರೆ. ಅವರ ಮಾತು ನಿಮಗೆ ಸಾಕ್ಷಿ, ತೀರ್ಪಲ್ಲ. ಅವರು ಹೇಳಿದ್ದು ಕೃತಿಯಲ್ಲಿ ಕಾಣದಿದ್ದರೆ ಹಾಗೆಂದೇ ಬರೆಯಿರಿ.

ಹಂತ 9: ನಿಮ್ಮ ತೀರ್ಪು ಹೇಳಿ, ಕಾರಣದ ಸಮೇತ

ಕನ್ನಡದಲ್ಲಿ ಈ ಹಂತಕ್ಕೆ ಬಂದಾಗ ಹಿಂಜರಿಯುತ್ತೇವೆ. ಪರಿಚಯದವರು, ಒಂದೇ ಊರಿನವರು, ಬೇಜಾರಾಗುತ್ತಾರೆ. ಆದರೆ ಹೊಗಳಿಕೆ ಮಾತ್ರ ಸಿಗುವ ಕಲಾವಿದರಿಗೆ ಯಾರೂ ನಿಜವಾಗಿ ನೋಡಲಿಲ್ಲ ಎಂಬ ನೋವು ಇರುತ್ತದೆ. ಅದನ್ನು ನಾನು ಹತ್ತಿರದಿಂದ ಕಂಡಿದ್ದೇನೆ.

‘ಚೆನ್ನಾಗಿದೆ’, ‘ಚೆನ್ನಾಗಿಲ್ಲ’ ಎನ್ನುವ ಬದಲು ಹೀಗೆ ಕೇಳಿಕೊಳ್ಳಿ: ನಾನು ಹೊರಗಿನಿಂದ ತಂದ ಮಾಹಿತಿಯನ್ನೆಲ್ಲ ತೆಗೆದುಬಿಟ್ಟರೆ ಕೃತಿಯಲ್ಲಿ ಏನು ಉಳಿಯುತ್ತದೆ? ಆ ಮಾಹಿತಿ ಸೇರಿದ ಮೇಲೆ ಏನು ಹೆಚ್ಚಾಗುತ್ತದೆ? ಮೊದಲನೆಯದಕ್ಕೆ ಉತ್ತರ ‘ಏನೂ ಇಲ್ಲ’ ಎಂದಾದರೆ ಕೃತಿ ತನ್ನ ಗೋಡೆ ಬರಹದ ಮೇಲೆ ಒರಗಿ ನಿಂತಿದೆ ಎಂದರ್ಥ. ಇಂಥವು ಈಗ ಬಹಳ ಇವೆ.

‘ಬಿಹೋಲ್ಡ್’ ಬಗ್ಗೆ ನನ್ನ ತೀರ್ಪು ಹೀಗಿದೆ. ಏನೂ ಗೊತ್ತಿಲ್ಲದವರಿಗೂ ಮೆತ್ತಗಿನ ಕೂದಲು ಹೊಳೆಯುವ ಉಕ್ಕನ್ನು ಹೊತ್ತಿರುವುದು ಕಾಣುತ್ತದೆ. ಅದು ಕೂದಲು ಎಂದು ತಿಳಿದ ಕ್ಷಣದ ಅಸಹ್ಯ ಯಾವ ದೇಶದವರಿಗೂ ಆಗುತ್ತದೆ. ಅಲ್ಲಿಗೆ ಕೃತಿ ಗೆದ್ದಿದೆ. ನಮಗೆ ಇನ್ನೂ ಒಂದು ಪದರ ಜಾಸ್ತಿ ಸಿಗುತ್ತದೆ: ಹರಕೆ ಕೊಟ್ಟವರ ಮುಖಗಳು. 4,000 ಮೀಟರ್ ಹಗ್ಗದಲ್ಲಿ ಎಷ್ಟು ಜನರ ಮುಡಿ ಇದೆಯೋ, ಎಷ್ಟು ಜನರ ಕಾಯಿಲೆ, ಸಾಲ, ಮಗುವಿನ ಆಸೆ ಇದೆಯೋ. ಒಂದು ಅಸಮಾಧಾನವೂ ಇದೆ. ಬಿಳಿ ಗೋಡೆಯ ಮೇಲೆ ಹಗ್ಗ ಬಿಡಿಸಿದ ರೇಖೆಗಳು ಎಷ್ಟು ಸುಂದರವಾಗಿವೆಯೆಂದರೆ, ಫೋಟೊದಲ್ಲಿ ಆ ಸೌಂದರ್ಯ ಜನರನ್ನು ಮರೆಸುತ್ತದೆ. ಎದುರಿಗೆ ನಿಂತರೆ ಹಾಗಾಗುತ್ತದಾ ಎಂಬುದನ್ನು ಫೋಟೊ ನೋಡಿ ಹೇಳಲಾರೆ. ಮೊದಲು ಹೇಳಿದ ಮಿತಿ ಇದೇ.

ಹಂತ 10: ಬರೆಯುವಾಗ, ಕಳಿಸುವ ಮೊದಲು

800ರಿಂದ 1,000 ಪದಗಳ ವಿಮರ್ಶೆಯಾದರೆ ವಿವರಣೆ ಮೊದಲ ಮೂರು ಪ್ಯಾರಾ ಒಳಗೆ ಬಂದುಬಿಡಲಿ. ಹೊರಗಿನ ಸಂಗತಿಗಳಲ್ಲಿ ಕೃತಿಗೆ ವಾಪಸ್ ಕರೆತರುವ ಎರಡೋ ಮೂರೋ ಮಾತ್ರ ಇಟ್ಟುಕೊಳ್ಳಿ. ಉಳಿದದ್ದು ಎಷ್ಟೇ ಕಷ್ಟಪಟ್ಟು ಹುಡುಕಿದ್ದಾದರೂ ನೋಟ್‌ಬುಕ್ಕಿನಲ್ಲೇ ಇರಲಿ.

ಪದಗಳ ಬಗ್ಗೆ ಒಂದು ಮಾತು. ‘ಬಿಹೋಲ್ಡ್’ನಂಥ ಕೃತಿಯನ್ನು ‘ಇನ್‌ಸ್ಟಲೇಶನ್’ ಎಂದು ಬರೆದರೂ ಪರವಾಗಿಲ್ಲ, ‘ಪ್ರತಿಷ್ಠಾಪನಾ ಕಲೆ’ ಎಂದರೂ ಪರವಾಗಿಲ್ಲ. ಎರಡಕ್ಕಿಂತ ಒಳ್ಳೆಯದು, ‘ಕೋಣೆ ತುಂಬ ಹಗ್ಗ ಹರಡಿದ್ದಾರೆ’ ಎಂದು ಬರೆಯುವುದು.

ಕಳಿಸುವ ಮೊದಲು ಕೃತಿಯ ಹೆಸರು, ವರ್ಷ, ಮಾಧ್ಯಮ, ಅಳತೆ ಸರಿ ಇವೆಯಾ ನೋಡಿ. ಫೋಟೊ ಬಳಸಲು ಅನುಮತಿ ಕೇಳಿ, ತೆಗೆದವರ ಹೆಸರು ಹಾಕಿ. ಈ ವಿವರಗಳಲ್ಲಿ ಅನುಮಾನವಿದ್ದರೆ ಕಲಾವಿದರಿಗೆ ಕಳಿಸಿ ಕೇಳಬಹುದು. ತೀರ್ಪಿನ ಭಾಗವನ್ನು ಮಾತ್ರ ಕಳಿಸಬೇಡಿ. ಅದನ್ನು ಅವರು ಎಲ್ಲರ ಜೊತೆ, ಪ್ರಕಟವಾದ ಮೇಲೆ ಓದಲಿ.